ಮಳೆಯಿಲ್ಲದ ವಾರದ ಬಕೆಟ್

ಮಾರ್ಚ್ ೯, ಸೋಮವಾರ

ತಮ್ಮಾ,

ಅಕ್ಕನ ತುಂಬು ಪ್ರೀತಿ. ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಮುನಿಸಿಕೊಂಡಿದ್ದರೆ ಮುನಿಸಿಕೋ, ಆದರೆ ಇದನ್ನು ಪೂರ್ತಿ ಓದಿದ ಮೇಲೆ. ಕಾರ್ಖಾನೆ ಮೇಲಿನ ಕೇಸಿನ ತೀರ್ಪು ಬರುವ ತನಕ ಪೆನ್ನು ಮುಟ್ಟುವುದಿಲ್ಲವೆಂದು ಹಟ ಹಿಡಿದಿದ್ದೆ. ಮೊನ್ನೆ ಬಂತು. ಗೆದ್ದೆವು ಕಣೋ. ನೀನು ದುಡಿದ ಆ ಕಾರ್ಖಾನೆಯವರು ಚಿಮಣಿಗೆ ಗಂಧಕದ ಹೊಗೆ ತಡೆಯುವ ಯಂತ್ರ ಕೂರಿಸಲೇಬೇಕು. ಅಲ್ಲಿಯವರೆಗೆ ಕುಲುಮೆ ಹಚ್ಚುವಂತಿಲ್ಲ.

ಮಳೆ, ಗಾಳಿ ಅಳೆಯುವ ನಮ್ಮ ಕೇಂದ್ರದ ಹಿಂದಿನ ಬಯಲಿನಲ್ಲಿ ನನ್ನ ಎರಡು ಬಕೆಟ್ ಇದ್ದವಲ್ಲ? ಹನಿ ಬಿದ್ದೊಡನೆ ಮುಚ್ಚಳ ಒಂದರ ಮೇಲಿಂದ ಸರಿದು ಇನ್ನೊಂದನ್ನು ಮುಚ್ಚುತ್ತದೆ. ಒಂದರಲ್ಲಿ ಮಳೆನೀರು, ಇನ್ನೊಂದರಲ್ಲಿ ಮಳೆಯಿಲ್ಲದಾಗ ಉದುರುವ ಧೂಳು. ಬರೀ ಧೂಳಿನ ಬಕೆಟ್ಟನ್ನೂ ವಾರವಾರ ಶುದ್ಧ ನೀರಲ್ಲಿ ತೊಳೆದು ಆ ನೀರನ್ನು ಪರೀಕ್ಷೆಗೆ ಕಳಿಸುತ್ತಿದ್ದರೆ ನೀನು ನಗುತ್ತಿದ್ದೆ. "ಖಾಲಿ ಬಕೆಟ್ ತೊಳೆಯೋಕೂ ಸಂಬಳ ಕೊಡ್ತಾರಾ ಅಕ್ಕ? ನಮ್ಮನೆ ಪಾತ್ರೆನೂ ತಂದುಕೊಡ್ತೀನಿ ಇರು."

ಈಗ ಕೇಳು. ಕೋರ್ಟಿನಲ್ಲಿ ಕಾರ್ಖಾನೆಯವರ ವಕೀಲ ಎದ್ದು ನಿಂತು, "ಮಳೆ ಹುಳಿಯಾಗಿದೆ, ಕೆರೆ ಮೀನು ಸತ್ತಿದೆ, ಎಲ್ಲಾ ಒಪ್ಪಿದ್ವಿ. ಆದ್ರೆ ಗಾಳಿ ಎಲ್ಲಿಂದಲೋ ಹೊತ್ತು ತಂದಿದ್ದಕ್ಕೆ ನಾವ್ಯಾಕೆ ಹೊಣೆ?" ಎಂದ. ನಮ್ಮ ಕಡೆಯವರ ಮುಖ ಬಾಡಿತು. ಇಪ್ಪತ್ತು ವರ್ಷದ ಲೆಕ್ಕ ಹುಳಿ ಎಷ್ಟೆಂದು ಹೇಳುತ್ತಿತ್ತೇ ಹೊರತು ಯಾರದೆಂದು ಹೇಳುತ್ತಿರಲಿಲ್ಲ. ಆಗ ನಮ್ಮ ಮೇಲಧಿಕಾರಿ ನನ್ನ ಕಿವಿಯಲ್ಲಿ, "ಆ ಕಾರ್ಖಾನೆ ಯಾವತ್ತಾದ್ರೂ ನಿಂತಿತ್ತೇನಮ್ಮ?" ಎಂದರು. ನನಗೆ ಥಟ್ಟನೆ ನೆನಪಾಯಿತು.

ನಿಮ್ಮ ಮುಷ್ಕರ. ಆ ಚಳಿಗಾಲ ಒಂದು ಹನಿಯೂ ಬಿದ್ದಿರಲಿಲ್ಲ. ಮಳೆಯನ್ನೇ ನಂಬಿದ್ದರೆ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಆದರೆ ನಾನು ಬಕೆಟ್ ತೊಳೆದಿದ್ದೆನಲ್ಲ! ಗೋಡೆಯ ಮೇಲೆ ನಕ್ಷೆ ಮೂಡಿಸಿದರು. ಕುಲುಮೆ ಆರಿದೊಡನೆ ಗಂಧಕದ ಗೆರೆ ಬಾವಿಗೆ ಬಿಟ್ಟ ಕೊಡದಂತೆ ಇಳಿದಿತ್ತು, ನೀವು ಸೋತು ಒಳಗೆ ಹೋದ ಮೇಲೆ ಮತ್ತೆ ಹತ್ತಿತ್ತು. ದೂರದ ಇನ್ನೊಂದು ಕೇಂದ್ರದ ಗೆರೆ ಅಲುಗಾಡಿರಲಿಲ್ಲ.

ನ್ಯಾಯಾಧೀಶರು ಕನ್ನಡಕ ತೆಗೆದು, "ಆ ವಾರಗಳಲ್ಲಿ ಏನಾಗಿತ್ತು?" ಎಂದರು.

"ಮುಷ್ಕರ ಸ್ವಾಮಿ. ನನ್ನ ತಮ್ಮನೇ ಮುಂದಾಳು."

ವಕೀಲನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. "ತಮ್ಮನಿಗೋಸ್ಕರ ಅಕ್ಕ ಲೆಕ್ಕ ತಿದ್ದಿರಬಹುದಲ್ಲ?"

"ತೊಳೆಯೋದಷ್ಟೇ ನಾನು," ಎಂದೆ. "ಪರೀಕ್ಷೆ ಬೇರೆ ಊರಲ್ಲಿ. ಅವರಿಗೆ ಸಿಗೋದು ನಂಬರು ಹಚ್ಚಿದ ಬಾಟಲಿ. ಯಾರ ತಮ್ಮ ಯಾರು ಅಂತ ಬಾಟಲಿ ಮೇಲೆ ಬರೆದಿರಲ್ಲ."

ಇಡೀ ಕೋಣೆ ನಕ್ಕಿತು. ಅವನು ಕೂತ.

"ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ನಮ್ಮ ಮುಷ್ಕರ" ಎಂದು ಊರು ಬಿಟ್ಟೆಯಲ್ಲ, ಆ ಮಾತನ್ನು ವಾಪಸು ತೆಗೆದುಕೋ. ತಡವಾಗಿಯಾದರೂ ಗೆದ್ದದ್ದು ಅದೇ. ನಿನ್ನ ಹೆಂಡತಿಗೂ ಓದಿ ಹೇಳು. ಇಬ್ಬರೂ ತಣ್ಣಗಿರಿ, ಆರೋಗ್ಯ ನೋಡಿಕೊಳ್ಳಿ.

ನಿನ್ನ
ಬಕೆಟ್ ಅಕ್ಕ

ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ ಅಷ್ಟೇ: ನಿನ್ನ ಪುಟ್ಟಿ ಕೆಮ್ಮದೆ ಮಲಗಿದ್ದು ಮುಷ್ಕರದ ಆ ವಾರಗಳಲ್ಲೇ. ನೀನು ಕಂಡವರಿಗೆಲ್ಲ ಹೇಳಿದೆ, ಡಾಕ್ಟರೂ ನಂಬಲಿಲ್ಲ. ಕುಲುಮೆ ಮತ್ತೆ ಹಚ್ಚಿದ ಮೇಲೆ ಅವಳು ಉಳಿಯಲಿಲ್ಲ. ಮಣ್ಣು ಮಾಡಿ ಬಂದ ದಿನ ನೀನು ಕೇಳಿದ್ದೆ, "ನನ್ನ ಮಗಳು ನೆಟ್ಟಗೆ ಉಸಿರಾಡಿದ್ದನ್ನ ಯಾರಾದ್ರೂ ಬರೆದಿಟ್ಟಿದ್ದಾರಾ ಅಕ್ಕ?" ಅವಳ ಉಸಿರನ್ನು ಯಾರೂ ಬರೆದಿಡಲಿಲ್ಲ ಮರಿ. ಅವಳು ಉಸಿರಾಡಿದ ಗಾಳಿ ಮಾತ್ರ ಈಗ ತೀರ್ಪಿನಲ್ಲಿದೆ. ಒಮ್ಮೆ ಬಂದು ಹೋಗು. ಚಿಮಣಿಯ ಮೇಲೆ ಹೊಗೆಯಿಲ್ಲ.