ಉಕ್ಕಿನ ಹಲಗೆಯ ಪಕ್ಕದ ಟೋಪಿ

ರಾಲಿನ್ಸ್, ವಯೋಮಿಂಗ್
ಆಗಸ್ಟ್ ೨೩

ಲೈಲ್,

"ಪ್ರಿಯ" ಅಂತ ಬರೆದೆ, ಹೊಡೆದುಹಾಕಿದೆ. ಸದ್ಯಕ್ಕೆ ಬರೀ ಲೈಲ್ ಇರಲಿ. ಫೋನ್ ಮಾಡಿದರೆ "ಹೂಂ", "ಉಹೂಂ" ಅಂದು ಇಟ್ಟುಬಿಡ್ತೀಯ. ಪತ್ರವಾದರೆ ನೀನು ಓದೋದನ್ನು ಅರ್ಧಕ್ಕೆ ನಿಲ್ಲಿಸಲಾರೆ, ನನಗೆ ಗೊತ್ತು.

ಓರ್ವಲ್‌ನನ್ನು ಮಣ್ಣು ಮಾಡಿ ಬಂದೆವು. ನೀನು ಚರ್ಚಿನ ಹೊರಗೆ ಟ್ರಕ್ಕಿನಲ್ಲೇ ಕೂತಿದ್ದೆ. ಅವನ ಹೆಂಡತಿ ಬರ್ನೀಸ್ ನಿನ್ನನ್ನೇ ಹುಡುಕುತ್ತಿದ್ದಳು, ಬಯ್ಯೋಕಲ್ಲ. ಕೊನೆಗೆ ಅವನ ಕೈ ಹಿಡಿದಿದ್ದವನು ನೀನು ಅಂತ ಯಾರೋ ಹೇಳಿದ್ದರಂತೆ.

ಬುಧವಾರ ಶೆರಿಫ್ ನನ್ನನ್ನು ಕರೆದಿದ್ದಾನೆ. ಓರ್ವಲ್ ಸತ್ತದ್ದು ಹೇಗೆ ಅಂತ ಪ್ರಮಾಣ ಮಾಡಿ ಹೇಳಬೇಕು. ಏನು ಹೇಳುತ್ತೇನೆ ಅನ್ನೋದು ನಿನಗೆ ಮೊದಲೇ ಗೊತ್ತಿರಲಿ.

ಬಂದೂಕು ಪಂದ್ಯದ ನಿನ್ನ ಜೊತೆಗಾರ ಕಾಲು ಮುರಿದುಕೊಂಡದ್ದಕ್ಕೆ, "ಗಾಳಿ ಓದೋಕೆ ನಿನ್ನಷ್ಟು ಯಾರಿಗೂ ಬರಲ್ಲ ವರ್ನಾ, ಒಂದೇ ದಿನ" ಅಂತ ನೀನು ಕೇಳಿದಾಗ ನಾನು ಬರಬಾರದಿತ್ತೋ ಏನೋ. ಬಂದೆ. ನೀನು ಹೊಡೆಯುವವನು, ನಾನು ದುರ್ಬೀನು ಹಿಡಿದು ಗಾಳಿ ಎತ್ತ, ಎಷ್ಟು ಅಂತ ಹೇಳುವವಳು, ಹಳೇ ಜೋಡಿ. ಬೇರೆಯಾದ ಮೇಲೆ ನಾವು ಅಷ್ಟು ಮಾತಾಡಿದ್ದೇ ಇಲ್ಲ, ಎಲ್ಲವೂ ಗಾಳಿಯ ಬಗ್ಗೆಯೇ ಆದರೂ. ಗುಡ್ಡ ಹತ್ತುವಾಗ ನನ್ನ ಚೀಲವನ್ನೂ ನೀನೇ ಹೊತ್ತೆ. ನಾನು ಬೇಡ ಅಂದಿದ್ದು ನಿನಗೆ ಕೇಳಿಸಲೇ ಇಲ್ಲ.

ಆ ನಾಲ್ಕನೇ ದಿಬ್ಬದಿಂದ ಗುರಿಯ ಉಕ್ಕಿನ ಹಲಗೆ ಒಂಬೈನೂರು ಗಜ ದೂರ. ಆ ದಿನ ನಮ್ಮ ಮುಂಚೆ ಅಲ್ಲಿ ಹೊಡೆದು ಹೋಗಿದ್ದವರು ಹಾಲ್ವರ್ಸನ್ ಅಕ್ಕತಂಗಿಯರು ಮಾತ್ರ. ಅಕ್ಕ ಕೆಂಡ್ರಾ ದುರ್ಬೀನಿಗೆ, ತಂಗಿ ಟೆಸ್ ಬಂದೂಕಿಗೆ. ನಿನ್ನ ಮೊದಲ ಗುಂಡು ಹೋಯಿತು. ಗಾಳಿ ಇದ್ದಕ್ಕಿದ್ದಂತೆ ಬಿದ್ದುಹೋಗಿತ್ತು, ನಾನು ಹೇಳಿದ್ದು ತಪ್ಪಾಯಿತು. ಧೂಳು ಎದ್ದದ್ದು ಎಲ್ಲಿ ಗೊತ್ತಾ? ಹಲಗೆಯಿಂದ ಎಷ್ಟೋ ಎಡಕ್ಕೆ, ಬರೀ ಸೇಜ್ ಪೊದೆಯಲ್ಲಿ. ಗುಂಡು ಎಲ್ಲಿ ಬಿತ್ತು ಅಂತ ಹುಡುಕಿ ದುರ್ಬೀನು ಆಚೀಚೆ ತಿರುಗಿಸಿದ್ದಕ್ಕೇ ಬಲಗಡೆ ಬಂಡೆಗಳ ಹಿಂದೆ ಆ ಟೋಪಿ ಕಂಡಿತು. ಒಂದು ಕೈ ಅದನ್ನು ಎತ್ತಿ ಅಲ್ಲಾಡಿಸುತ್ತಿತ್ತು.

"ನಿಲ್ಲಿಸು" ಅಂದೆ. ಯಾಕೆ ಅಂತ ಕೇಳದೆ ಗುಂಡು ಹೊರಗೆ ತೆಗೆದೆ ನೀನು. ಅದಕ್ಕೆ ನಿನಗೆ ಋಣಿ.

ಬೆಳಿಗ್ಗೆ ಹಲಗೆ ನೇತುಹಾಕಿದ ಸರಪಳಿ ಸರಿಮಾಡಲು ಇಳಿದ ಮುದುಕ ಓರ್ವಲ್ ಜಾರಿಬಿದ್ದು ತೊಡೆ ಮುರಿದುಕೊಂಡಿದ್ದ. ಅವನ ಕೈಯ ರೇಡಿಯೋ ಸತ್ತಿತ್ತು. ವಾಪಸ್ ಬಂದಿದ್ದಾನೆ ಅಂತ ಎಲ್ಲರೂ ಅಂದುಕೊಂಡಿದ್ದರು. ನಾವು ಓಡಿ ತಲುಪಿದಾಗ ಅವನು ನಿನ್ನನ್ನು ನೋಡಿ, "ಇಷ್ಟು ಹತ್ತಿರ ಬಂದ್ರೆ ನಿನಗೂ ಗುರಿ ಸಿಗುತ್ತೆ ಕಣೋ ಲೈಲ್" ಅಂದ. ಅಂಗಿ ಎತ್ತಿದಾಗಲೇ ಹೊಟ್ಟೆಯ ಗಾಯ ಕಂಡಿದ್ದು. ಬಂಡೆಗೆ ಬಡಿದು ಸಿಡಿದ ಗುಂಡಿನ ಚೂರು. ಬಟ್ಟೆಗೆ ಅಂಟಿದ್ದ ರಕ್ತ ಆಗಲೇ ಒಣಗಿ ಗಟ್ಟಿಯಾಗಿತ್ತು, ಲೈಲ್. ಈಗಷ್ಟೇ ತಗುಲಿದ ಗಾಯ ಅದಲ್ಲ. ಹೆಲಿಕಾಪ್ಟರ್ ಬರುವಷ್ಟರಲ್ಲಿ ಅವನು ಮುಗಿದಿದ್ದ.

ಆಮೇಲೆ ಟ್ರಕ್ಕಿನ ಹಿಂದೆ ಟೆಸ್ ವಾಂತಿ ಮಾಡುತ್ತಿದ್ದಳು. ನೀನು ಅವಳನ್ನು ನೋಡಿದೆ, ನೇರವಾಗಿ ಶೆರಿಫ್ ಹತ್ತಿರ ಹೋಗಿ, "ಬಂಡೆಗೆ ಬಡಿದದ್ದು ನನ್ನ ಗುಂಡು" ಅಂದೆ. ಪಂದ್ಯದ ಅಧಿಕಾರಿ ಬರೆದುಕೊಂಡದ್ದು "ತಪ್ಪಿತು" ಅಂತಷ್ಟೇ. ಎಲ್ಲಿ ಬಿತ್ತು ಅಂತ ಕಂಡವಳು ನಾನೊಬ್ಬಳೇ. ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ ಅಂತ ನೀನು ಮತ್ತೆ ನನ್ನನ್ನು ಕೇಳದೆಯೇ ತೀರ್ಮಾನ ಮಾಡಿಬಿಟ್ಟೆ.

ಇದಕ್ಕೇ ಅಲ್ಲವಾ ನಾನು ಮನೆ ಬಿಟ್ಟು ಬಂದದ್ದು? ಎದೆನೋವು ಬಂದಾಗಲೂ ನೀನೊಬ್ಬನೇ ಆಸ್ಪತ್ರೆಗೆ ಹೋಗಿ ಬಂದೆ. ಎಲ್ಲವನ್ನೂ ಒಬ್ಬನೇ ಹೊರುವವನ ಪಕ್ಕದಲ್ಲಿ ಇರೋದು ಎಷ್ಟು ಒಂಟಿತನ ಅಂತ ನಿನಗೆ ಗೊತ್ತಾಗೋದೇ ಇಲ್ಲ.

ಆ ಹುಡುಗಿಯ ಬಗ್ಗೆ ನನಗೂ ಸಂಕಟ ಇದೆ. ಆದರೆ ಅವಳು ಬೇಕಂತ ಮಾಡಿದ್ದಲ್ಲ, ಅದು ಎಲ್ಲರಿಗೂ ಗೊತ್ತಾಗುತ್ತೆ. ಬರ್ನೀಸ್‌ಗೆ ಸುಳ್ಳು ಬೇಡ. ಬುಧವಾರ ಕಂಡದ್ದನ್ನೇ ಹೇಳುತ್ತೇನೆ. ಸಿಟ್ಟಾಗು, ಪರವಾಗಿಲ್ಲ. ಮಾತ್ರೆ ತಪ್ಪಿಸಬೇಡ.

ಇಂತಿ,
ಇನ್ನೂ ನಿನ್ನ ಹೆಸರೇ ಇಟ್ಟುಕೊಂಡಿರುವ
ವರ್ನಾ

ಮತ್ತೆ: ಅಂಟಿಸಿದ ಲಕೋಟೆ ಒಡೆದು ಬರೆಯುತ್ತಿದ್ದೇನೆ. ಈಗಷ್ಟೇ ಕೆಂಡ್ರಾ ಬಂದು ಹೋದಳು. ಕಾಫಿ ಕೊಟ್ಟೆ, ಮುಟ್ಟಲಿಲ್ಲ. "ಟೋಪಿ ಅಲ್ಲಾಡಿದ್ದು ನಾನು ನೋಡಿದ್ದೆ ಆಂಟಿ," ಅಂದಳು. "ಗಾಳಿಗೆ ಸಿಕ್ಕ ಪ್ಲಾಸ್ಟಿಕ್ ಚೀಲ ಅಂದ್ಕೊಂಡೆ. ಇಲ್ಲ, ಹಂಗೆ ಅಂದ್ಕೊಳ್ಳೋಣ ಅಂತ ಅನ್ನಿಸ್ತು. ಟೈಮ್ ಮುಗೀತಿತ್ತು, ನಾವೇ ಮುಂದಿದ್ವಿ. ಹೊಡಿ ಅಂದೆ ಟೆಸ್‌ಗೆ." ಟೆಸ್‌ಗೆ ಇದು ಗೊತ್ತಿಲ್ಲ. ನಾನು ಕಂಡದ್ದು ನನ್ನದು, ಹೇಳುತ್ತೇನೆ. ಕೇಳಿಸಿಕೊಂಡ ಇದನ್ನು ಏನು ಮಾಡಲಿ? ಬುಧವಾರಕ್ಕೆ ಮುಂಚೆ ಬಾ ಲೈಲ್. ಇದನ್ನು ಒಬ್ಬಳೇ ಹೊರಲಾರೆ.