ಹರಾಜಾದ ವ್ಯಾನಿನಲ್ಲಿ ಮಲಗುವವರ ವಿಳಾಸ ಕೊಡಿ

ವಾಹನ ಯೋಗ್ಯತಾ ಕಚೇರಿಯ ಮುಖ್ಯಾಧಿಕಾರಿಗಳೇ,

ಹೋದ ತಿಂಗಳು ನಿಮ್ಮ ಕಚೇರಿಯ ಹಿಂದಿನ ಅಂಗಳದಲ್ಲಿ ನೀವು ಹರಾಜು ಹಾಕಿದ ಬಿಳಿ ಕ್ಯಾಂಪರ್ ವ್ಯಾನಿನಲ್ಲಿ ಈಗ ಯಾರೋ ಮಲಗುತ್ತಿದ್ದಾರೆ. ಅದರಲ್ಲಿ ಮಲಗಿದವರಿಗೆ ಕಾಯಿಲೆ ಬರುತ್ತದೆ. ಇದು ನನಗೆ ಗೊತ್ತು, ನಿಮಗೂ ಗೊತ್ತು, ಮಲಗುವವರಿಗೆ ಮಾತ್ರ ಗೊತ್ತಿಲ್ಲ. ಅವರ ವಿಳಾಸ ನಿಮ್ಮ ಬಳಿ ಇದೆ. ಕೊಡಿ ಎಂದು ನಾಲ್ಕು ಪತ್ರ ಬರೆದೆ. ನಾಲ್ಕಕ್ಕೂ ಒಂದೇ ಉತ್ತರ: ‘ತಮ್ಮ ಮನವಿ ಪರಿಶೀಲನೆಯಲ್ಲಿದೆ.’ ನಾಲ್ಕನೆಯದರಲ್ಲಿ ನನ್ನ ಹೆಸರೂ ತಪ್ಪಾಗಿತ್ತು. ಹಾಗಾಗಿ ಐದನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಕೋಪದಿಂದಲ್ಲ. ಕೋಪ ಮಾಡಿಕೊಳ್ಳಲು ಬೇಕಾದ ಚೈತನ್ಯ ಎಲ್ಲೋ ಹೋಗಿಬಿಟ್ಟಿದೆ, ಅದನ್ನು ಹುಡುಕುವ ಮನಸ್ಸೂ ಇಲ್ಲ.

ನಾನು ಗಡಿಯಾರ ರಿಪೇರಿ ಮಾಡುವವನು. ನನ್ನ ಹೆಂಡತಿ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದಳು. ಅವಳು ನಿವೃತ್ತಳಾದ ವರ್ಷ ಇಬ್ಬರೂ ಸೇರಿ ಈ ವ್ಯಾನನ್ನು ಕೊಂಡೆವು. ಯಾರೋ ಹಳೆಯ ಸರಕು ವ್ಯಾನಿಗೆ ಮಂಚ, ಒಲೆ, ಕಪಾಟು ಕೂರಿಸಿ ಮಾರಾಟಕ್ಕಿಟ್ಟಿದ್ದರು. ತಪಾಸಣೆಗೆ ನಿಮ್ಮಲ್ಲಿಗೇ ತಂದೆವು. ನಿಮ್ಮ ಇನ್ಸ್‌ಪೆಕ್ಟರು ಹಾರ್ನನ್ನು ಎರಡು ಸಲ ಒತ್ತಿದರು. ನಂಬರ್ ಪ್ಲೇಟಿನ ಅಕ್ಷರಗಳ ನಡುವಿನ ಅಂತರವನ್ನು ಅಳತೆಪಟ್ಟಿ ಹಿಡಿದು ಅಳೆದರು, ಅರ್ಧ ಬೆರಳು ಹೆಚ್ಚಾಗಿದೆ ಎಂದು ವಾಪಸ್ ಕಳಿಸಿದರು. ಸರಿಪಡಿಸಿಕೊಂಡು ಹೋದಾಗ ‘ವಾಸಯೋಗ್ಯ’ ಎಂದು ಮೊಹರು ಹೊಡೆದರು. ಮನುಷ್ಯರು ಮಲಗುವ ಕಡೆಗೆ ಅವರು ಬಗ್ಗಿಯೂ ನೋಡಲಿಲ್ಲ. ಅಕ್ಷರಗಳು ಆರಾಮವಾಗಿರಬೇಕು, ನಿಜ. ಒಳಗಿರುವವರ ವಿಷಯ ಅರ್ಜಿಯ ಯಾವ ಕಲಮಿನಲ್ಲಿ ಬರುತ್ತದೆ ಎಂದು ತಿಳಿಸುವಿರಾ?

ಮೊದಲ ಪ್ರವಾಸದ ಮೂರನೆಯ ಬೆಳಿಗ್ಗೆ ಹೆಂಡತಿ ತಲೆ ಹಿಡಿದುಕೊಂಡು ಎದ್ದಳು. ವಾಂತಿ, ಬೆವರು, ಬಾಯಲ್ಲಿ ನಿಲ್ಲದ ಜೊಲ್ಲು. ತೊಡೆಯ ಸ್ನಾಯು ತನ್ನಷ್ಟಕ್ಕೆ ಅದುರುತ್ತಿತ್ತು. ಮನೆಗೆ ಬಂದು ಎರಡು ದಿನಕ್ಕೆ ಸರಿಹೋಯಿತು. ಎರಡನೆಯ ಪ್ರವಾಸದಲ್ಲೂ ಅದೇ, ಮೂರನೆಯದರಲ್ಲೂ ಅದೇ. ನನಗೆ ಏನೂ ಆಗಲಿಲ್ಲ. ನಾನು ಗೊರಕೆ ಹೊಡೆಯುತ್ತೇನೆಂದು ಮುಂದಿನ ಸೀಟನ್ನು ಮಡಚಿಕೊಂಡು, ಕಿಟಕಿ ಒಂದಿಷ್ಟು ತೆರೆದುಕೊಂಡು ಮಲಗುತ್ತಿದ್ದೆ. ಅವಳು ಹಿಂದಿನ ಮಂಚದಲ್ಲಿ. ಇಷ್ಟು ಸಣ್ಣ ವ್ಯತ್ಯಾಸ ನನ್ನ ತಲೆಗೆ ಹೊಳೆಯಲಿಲ್ಲ. ಒಂದು ಕೂದಲೆಳೆಯಷ್ಟು ಸ್ಪ್ರಿಂಗು ಎಲ್ಲಿ ಸಡಿಲವಾಗಿದೆ ಎಂದು ಮಸೂರ ಹಾಕಿ ಕಂಡುಹಿಡಿಯುವವನಿಗೆ ಹೊಳೆಯಲಿಲ್ಲ.

ಡಾಕ್ಟರು ತಲೆಯ ಚಿತ್ರ ತೆಗೆಸಿದರು, ಹೊಟ್ಟೆಯ ಚಿತ್ರ ತೆಗೆಸಿದರು, ಕಿವಿಯಲ್ಲಿ ಬೆಳಕು ಬಿಟ್ಟು ನೋಡಿದರು. ಎಲ್ಲ ಸರಿಯಾಗಿತ್ತು. ಸರಿಯಾಗಿಯೇ ಇರಬೇಕಲ್ಲ, ಆಸ್ಪತ್ರೆಗೆ ದಿನ ಸಿಗುವಷ್ಟರಲ್ಲಿ ಅವಳು ಮನೆಯಲ್ಲಿ ವಾರ ಕಳೆದಿರುತ್ತಿದ್ದಳು. ಕೊನೆಗೆ ಅವರು ಪೆನ್ನು ಕೆಳಗಿಟ್ಟು ಕೇಳಿದರು: “ನಿವೃತ್ತಿ ಆದ್ಮೇಲೆ ಮನಸ್ಸಿಗೆ ಬೇಜಾರಾಗ್ತಿದೆಯಾ ಅಮ್ಮ?”

“ನನ್ನ ಮನಸ್ಸಿಗೇನಾಗಿದೆ? ಬೆಳಿಗ್ಗೆ ಎದ್ರೆ ತೊಡೆ ಕುಣಿಯುತ್ತೆ ಡಾಕ್ಟ್ರೇ.”

“ಆತಂಕಕ್ಕೂ ಹಾಗಾಗುತ್ತೆ,” ಎಂದು ನಿದ್ದೆ ಮಾತ್ರೆ ಬರೆದರು.

ಮನೆಗೆ ಬರುವ ದಾರಿಯಲ್ಲಿ ಅವಳು ಕೇಳಿದಳು: “ನಿಮಗೂ ಹಾಗೇ ಅನ್ನಿಸುತ್ತಾ?” ನಾನು ರಸ್ತೆ ನೋಡುತ್ತಾ, “ಡಾಕ್ಟರು ಸುಮ್ಮನೆ ಹೇಳ್ತಾರಾ, ಮಾತ್ರೆ ತಗೊಂಡು ನೋಡು,” ಎಂದೆ. ಅವಳು ತಗೊಂಡಳು. ಆಮೇಲಿನ ಪ್ರವಾಸಗಳಲ್ಲಿ ಅವಳು ಆ ಮಂಚದಲ್ಲಿ ಮೊದಲಿಗಿಂತ ಎರಡು ಗಂಟೆ ಹೆಚ್ಚು ಮಲಗಿದಳು. ನಿಮ್ಮ ಕಚೇರಿಯ ಪಾಲಿನ ಜೊತೆಗೆ ನನ್ನ ಪಾಲನ್ನೂ ಇಲ್ಲಿ ಬರೆದುಬಿಡುತ್ತಿದ್ದೇನೆ. ಬಹಿರಂಗ ಪತ್ರವಲ್ಲವೇ.

ಆರನೆಯ ಪ್ರವಾಸದಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಮಡಚಿದ ಸೀಟಿನಲ್ಲಿ ಮಲಗಲಾಗದೆ ನಾನು ಹಿಂದಕ್ಕೆ ಹೋದೆ, ಅವಳು ಮುಂದಕ್ಕೆ ಬಂದಳು. ನಾಲ್ಕು ರಾತ್ರಿ ಕಳೆಯಿತು. ಐದನೆಯ ಬೆಳಿಗ್ಗೆ ಅವಳು ಟೀ ಮಾಡಿ ಎಬ್ಬಿಸಿದಳು. ಎದ್ದು ಕೂತವನು ಲೋಟದ ಪಕ್ಕದಲ್ಲಿ ವಾಂತಿ ಮಾಡಿದೆ. ಬೆವರು, ಜೊಲ್ಲು, ಕಣ್ಣಲ್ಲಿ ನೀರು. ಅವಳು ನನ್ನ ತೊಡೆಯ ಮೇಲೆ ಅಂಗೈಯಿಟ್ಟು ನೋಡಿದಳು. “ಕುಣೀತಿದೆ,” ಎಂದಳು. ಅಷ್ಟೇ. ಗೆದ್ದೆ ಎಂಬ ದನಿ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂದೇ ಊರಿಗೆ ಮರಳಿದೆವು. ಮರುದಿನ ಅಂಗಡಿಯಲ್ಲಿ ಕೂತರೆ ಮಸೂರ ಹಾಕಿಕೊಂಡರೂ ಎಲ್ಲ ಮಂಕು. ಪಕ್ಕದ ಕನ್ನಡಕದ ಅಂಗಡಿಗೆ ಹೋದೆ. ಅಲ್ಲಿಯ ಹೆಂಗಸು ನನ್ನನ್ನು ಕತ್ತಲ ಕೋಣೆಯಲ್ಲಿ ಕೂರಿಸಿ ಹತ್ತು ನಿಮಿಷ ಬಿಟ್ಟು ಬಂದು ಪುಟ್ಟ ಬೆಳಕು ಹಿಡಿದು ನೋಡಿದಳು.

“ಕತ್ತಲಲ್ಲೂ ನಿಮ್ಮ ಕಣ್ಣಿನ ಪಾಪೆ ಸಾಸಿವೆ ಕಾಳಷ್ಟೇ ಇದೆಯಲ್ಲ. ಅಗಲ ಆಗಬೇಕಿತ್ತು. ಹೊಲಕ್ಕೆ ಔಷಧಿ ಹೊಡೀತೀರಾ?”

“ನಾನು ಗಡಿಯಾರ ರಿಪೇರಿ ಮಾಡೋನಮ್ಮ. ಗೊತ್ತಲ್ಲ ನಿಂಗೆ.”

“ಗೊತ್ತು. ಅದಕ್ಕೇ ಕೇಳ್ತಿರೋದು. ನಮ್ಮಪ್ಪ ಹುಳದ ಔಷಧಿ ಹೊಡೆದು ಬಂದ ದಿನ ಹೀಗೇ ಇರ್ತಿತ್ತು. ಕನ್ನಡಕ ಆಮೇಲೆ ನೋಡೋಣ. ಈಗಲೇ ಹೋಗಿ ರಕ್ತ ಕೊಡಿ, ನಾಳೆ ಅನ್ಬೇಡಿ.”

ಹಿಂದಿನ ಡಾಕ್ಟರು ಆರು ತಿಂಗಳಲ್ಲಿ ಕೇಳದ ಪ್ರಶ್ನೆಯನ್ನು ಕನ್ನಡಕ ಮಾರುವವಳು ಕೇಳಿದಳು. ರಕ್ತದಲ್ಲಿ ನರಗಳಿಗೆ ಬೇಕಾದ ಒಂದು ಕಿಣ್ವ ಇರುತ್ತದಂತೆ. ನನ್ನಲ್ಲಿ ಅದು ಅರ್ಧಕ್ಕಿಂತ ಕಡಿಮೆಯಿತ್ತು. ಹೆಂಡತಿಯದು ಇನ್ನೂ ಕಡಿಮೆ. ಕೀಟನಾಶಕ ಮೈಸೇರಿದರೆ ಹಾಗಾಗುತ್ತದೆ ಎಂದು ರಕ್ತ ಪರೀಕ್ಷಿಸಿದವರು ಹೇಳಿದರು. ನಮ್ಮ ಮನೆಯಲ್ಲಿ ಜಿರಳೆ ಔಷಧಿಯೂ ಇಲ್ಲ.

ಹೆಂಡತಿಯ ತಮ್ಮ ಬಡಗಿ. ಅವನು ಬಂದು ವ್ಯಾನಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಮೂಗಿಗೆ ಬಟ್ಟೆ ಕಟ್ಟಿ, ಕೈಗೆ ಗವಸು ಹಾಕಿ ಮಂಚವನ್ನು ಕಿತ್ತ. ಅದರ ಕೆಳಗಿನ ಹಲಗೆ ಕಿತ್ತ. ಅದರ ಕೆಳಗೆ ಚಳಿಗೆಂದು ಹಾಸಿದ ಸ್ಪಂಜು ಇತ್ತು. ಅದರಡಿಯಲ್ಲಿ ವ್ಯಾನಿನ ಹಳೆಯ ಮರದ ನೆಲ. ಅಷ್ಟೂ ಅಗಲಕ್ಕೆ ಕಂದು ಕಲೆ, ಜಿಡ್ಡು ಜಿಡ್ಡು. ಸ್ಪಂಜು ಅದನ್ನು ಕುಡಿದು ಕೂತಿತ್ತು.

“ಭಾವ, ಹತ್ರ ಬರಬೇಡಿ,” ಎಂದ. “ಅಕ್ಕ ಇದರ ಮೇಲೆ ಮಲಗ್ತಿದ್ಲಾ?”

“ಹೂಂ.”

“ಎಷ್ಟು ದಿನ?”

ನಾನು ಒಂದು ಖಾಲಿ ಡಬ್ಬಿ ತಂದು ಕೊಟ್ಟೆ. ಕಲೆಯಾದ ಮರದ ಒಂದು ಚೂರನ್ನು ಅದರಲ್ಲಿ ಹಾಕಿ ಪ್ರಯೋಗಾಲಯಕ್ಕೆ ಕಳಿಸಿದೆವು. ಗೆದ್ದಲಿಗೆ ಹೊಡೆಯುವ ವಿಷ ಎಂದು ವರದಿ ಬಂತು, ಮನೆಯೊಳಗೆ ಬಳಸಬಾರದೆಂದು ಡಬ್ಬದ ಮೇಲೇ ಬರೆದಿರುವಂಥದು. ಕಿಟಕಿ ಮುಚ್ಚಿ ಒಲೆ ಹಚ್ಚಿದಾಗಲೆಲ್ಲ ನೆಲ ಬಿಸಿಯಾಗಿ ಅದು ಆವಿಯಾಗಿ ಮೇಲೇಳುತ್ತಿತ್ತಂತೆ.

ಇನ್ನು ನಿಮ್ಮ ದಾಖಲೆಗೆ ಬರೋಣ. ಪ್ರತಿ ಕೇಳಿ ಪಡೆದೆ. ಒಂಬತ್ತು ವರ್ಷ ಈ ವ್ಯಾನು ಗೆದ್ದಲು, ತಿಗಣೆಗೆ ಔಷಧಿ ಹೊಡೆಯುವ ಕಂಪನಿಯ ಹೆಸರಿನಲ್ಲಿತ್ತು ಎಂಬುದು ನಿಮ್ಮದೇ ಮೊದಲ ಪುಟದಲ್ಲಿದೆ. ಎರಡನೆಯ ಪುಟದಲ್ಲಿ ‘ಹಿಂದಿನ ಬಳಕೆ’ ಎಂಬಲ್ಲಿ ನಿಮ್ಮವರು ‘ಸಾಮಾನ್ಯ ಸರಕು’ ಎಂದು ಬರೆದಿದ್ದಾರೆ. ಎರಡೂ ಒಂದೇ ಕೈಬರಹ. ಪುಟ ತಿರುವಿದ ಮೇಲೆ ಹಿಂದಿನದನ್ನು ನೆನಪಿಡಬೇಕೆಂಬ ನಿಯಮ ನಿಮ್ಮಲ್ಲಿ ಇಲ್ಲದಿರಬಹುದು.

ವ್ಯಾನನ್ನು ಯಾರಿಗೂ ಮಾರಬಾರದೆಂದು, ಒಡೆದುಹಾಕಿ ಎಂದು ಬರೆದು, ವರದಿಯನ್ನು ಲಗತ್ತಿಸಿ, ಕಿತ್ತ ಮಂಚ, ಹಲಗೆ, ಸ್ಪಂಜಿನ ಸಮೇತ ನಿಮ್ಮ ಅಂಗಳಕ್ಕೇ ಎಳೆಸಿ ತಂದು ಒಪ್ಪಿಸಿದೆ. ಹನ್ನೊಂದು ತಿಂಗಳಾದ ಮೇಲೆ ಕಡತ ಏನಾಯಿತೆಂದು ಕೇಳಲು ಬಂದಾಗ ಗೋಡೆಯ ಮೇಲೆ ಹರಾಜಿನ ಪ್ರಕಟಣೆ ಕಂಡೆ. ನಮ್ಮದೇ ವ್ಯಾನಿನ ಚಿತ್ರ. ‘ವಾರಸುದಾರರಿಲ್ಲದ ವಾಹನ. ಸುಸ್ಥಿತಿಯಲ್ಲಿದೆ. ಹೊಸ ನೆಲಹಾಸು.’ ನಾನು ಒಡೆಸಲು ಕೊಟ್ಟದ್ದಕ್ಕೆ ನೀವು ಆ ನೆಲದ ಮೇಲೇ ಹೊಸ ಹಾಸು ಹಾಕಿಸಿದಿರಿ. ಈ ಆಸ್ಥೆಗೆ ಏನೆನ್ನಲಿ? ಹರಾಜು ಮುಗಿದು ಮೂರು ದಿನವಾಗಿತ್ತು.

ಕಿಟಕಿಯ ಗುಮಾಸ್ತರನ್ನು ಕೇಳಿದೆ: “ಯಾರು ತಗೊಂಡ್ರು ಸಾರ್?”

“ಅದೆಲ್ಲ ಹೇಳೋ ಹಾಗಿಲ್ರೀ. ಗೋಪ್ಯ.”

“ಅದರಲ್ಲಿ ವಿಷ ಇದೆ. ವರದಿ ನಿಮ್ಮ ಕಡತದಲ್ಲೇ ಇದೆ.”

“ಕಡತ ಸಾಹೇಬ್ರ ಹತ್ರ ಇದೆ. ಯೋಚನೆ ಮಾಡಬೇಡಿ, ಒಳ್ಳೇ ಜನ. ಗಂಡ ಹೆಂಡ್ತಿ ಬಂದಿದ್ರು, ಕಂಕುಳಲ್ಲಿ ಮಗು. ಖುಷಿಯಾಗಿ ಓಡಿಸ್ಕೊಂಡು ಹೋದ್ರು.”

ಅವರು ನನಗೆ ಸಮಾಧಾನ ಹೇಳುತ್ತಿದ್ದರು. ಕೆಟ್ಟ ಮನುಷ್ಯರಲ್ಲ.

ನನ್ನ ಹೆಂಡತಿ ಈಗ ಊರುಗೋಲು ಹಿಡಿದು ನಡೆಯುತ್ತಾಳೆ. ಮೊಣಕಾಲ ಕೆಳಗೆ ಸ್ಪರ್ಶವಿಲ್ಲ. ಚಪ್ಪಲಿ ಕಳಚಿ ಬಿದ್ದರೂ ತಿಳಿಯದೆ ಒಂದೇ ಕಾಲಿನ ಚಪ್ಪಲಿಯಲ್ಲಿ ಅಂಗಡಿಯವರೆಗೆ ಬಂದಿದ್ದಳು ಮೊನ್ನೆ. ನನ್ನ ಎರಡು ಬೆರಳಿಗೂ ಜೋಮು ಹಿಡಿದಿದೆ. ದೊಡ್ಡ ಗೋಡೆ ಗಡಿಯಾರಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ನಮ್ಮ ನಡುವೆ ಜಗಳವಿಲ್ಲ. ಒಂದು ದಿನ ಮಾತ್ರ, ಬಟ್ಟೆ ಮಡಚುತ್ತಾ, “ಅವರೆಲ್ಲ ಹೋಗಲಿ, ಗೊತ್ತಿರಲಿಲ್ಲ. ನೀವಾದ್ರೂ ನಂಬಬಹುದಿತ್ತು,” ಎಂದಳು. ಹೌದು ಎಂದೆ. ಅವಳು ಇನ್ನೊಂದು ಬಟ್ಟೆ ತೆಗೆದುಕೊಂಡಳು.

ಪರಿಹಾರ ಬೇಡ, ಕ್ಷಮೆಯೂ ಬೇಡ. ಅದರಲ್ಲಿ ನಿಮ್ಮವರಿಗೆ ಅಭ್ಯಾಸವಿದೆ, ಒಂದು ಸುತ್ತೋಲೆಯಲ್ಲಿ ಮುಗಿಸಿಬಿಡುತ್ತೀರಿ. ನನ್ನ ಬೇಡಿಕೆ ಒಂದೇ. ಇವತ್ತು, ಕಚೇರಿ ಮುಚ್ಚುವ ಮೊದಲು, ನಿಮ್ಮ ಒಬ್ಬ ನೌಕರರನ್ನು ಆ ಮನೆಗೆ ಕಳಿಸಿ ಬಾಗಿಲು ತಟ್ಟಿಸಿ. ವಿಳಾಸ ಗೋಪ್ಯವಾಗಿಯೇ ಇರಲಿ, ನನಗೆ ಹೇಳುವುದೂ ಬೇಡ. ಅವರಿಗೆ ಹೇಳಿ.

ನೀವು ಕಳಿಸುವುದಿಲ್ಲ ಎಂಬ ಅನುಮಾನವಿರುವುದರಿಂದ ಉಳಿದೆರಡು ಮಾತು ಆ ಮನೆಯವರಿಗೆ. ಅಪ್ಪ, ಅಮ್ಮ, ನೀವು ಕೊಂಡ ವ್ಯಾನು ಬಿಳಿಯದು, ಎಡಗಡೆ ಬಾಗಿಲಿನ ಕೆಳಗೆ ನೆಗ್ಗಿದೆ, ಹಿಂದಿನ ಗಾಜಿನಲ್ಲಿ ಉದ್ದಕ್ಕೆ ಸೀಳು. ಅದೇ ಆಗಿದ್ದರೆ ಮಗುವನ್ನು ಎತ್ತಿಕೊಂಡು ಹೊರಗೆ ಬನ್ನಿ. ಹಾಸಿಗೆ, ಹೊದಿಕೆ ಅಲ್ಲೇ ಬಿಡಿ. ನೇರವಾಗಿ ಆಸ್ಪತ್ರೆಗೆ ಹೋಗಿ ಕೀಟನಾಶಕದ ಪರೀಕ್ಷೆ ಎಂದು ಕೇಳಿ, ಈ ಪತ್ರಿಕೆ ತೋರಿಸಿ. ಮನೆಯಲ್ಲಿ ಒಬ್ಬರಿಗೆ ಮಾತ್ರ ಆಗುತ್ತಿದೆ, ಇನ್ನೊಬ್ಬರಿಗೆ ಏನೂ ಇಲ್ಲ ಎಂದಾದರೆ, ಏನೂ ಆಗದವರೇ, ಇದು ನಿಮಗೆ: ಅವರು ಹೇಳುವುದು ನಿಜ.

ಇಂತಿ,
ನಿಮ್ಮ ಕಡತದಲ್ಲಿ ‘ವಾರಸುದಾರರಿಲ್ಲ’ ಎಂದಾಗಿರುವ,
ಹೆಂಡತಿಯ ಮಾತನ್ನು ಆರು ತಿಂಗಳು ತಡವಾಗಿ ನಂಬಿದ
ಗಡಿಯಾರ ರಿಪೇರಿಯವನು