ಮತ್ತೋಡಿನ ಏರಿನಲ್ಲಿ ಮಂಜುಳ ಇಂಜಿನ್ ಆರಿಸಿದ್ದು

ಭಾವ,

ನೀನಿರುವ ಕಡೆ ರಸ್ತೆಗಳಿವೆಯೋ ಇಲ್ಲವೋ ಗೊತ್ತಿಲ್ಲ. ಇದ್ದರೆ, ಯಾವುದಾದರೂ ಹೋಟೆಲ್ ಮುಂದೆ ನಿಂತು ಹೋಗುವ ಬರುವ ಗಾಡಿಗಳ ಸದ್ದು ಕೇಳಿಯೇ ಇಂಜಿನ್ನುಗಳ ಜಾತಕ ಹೇಳುತ್ತಿರುತ್ತೀಯ. ಸ್ವಲ್ಪ ಹೊತ್ತು ಅದನ್ನು ಬಿಟ್ಟು ಇದನ್ನು ಓದು. ನಿನ್ನ ಮಗಳ ವಿಷಯ.

ಹಿರಿಯೂರು ಬೈಪಾಸಿನ ಹೋಟೆಲಿನಲ್ಲಿ ಚಹಾ ಆರಿಹೋದದ್ದೂ ತಿಳಿಯದೆ ನೀನು ಮೊಬೈಲ್ ನೋಡುತ್ತ ಕೂತಿರುತ್ತಿದ್ದೆ. ಹದಿನಾರು ಸಿಲಿಂಡರಿನ ಯಾವುದೋ ಕಾರು ಗಂಟೆಗೆ ನಾನೂರು ಕಿಲೋಮೀಟರ್ ದಾಟಿತಂತೆ ಅಂತ ಯಾರಾದರೂ ಬಾಯಿಬಿಟ್ಟರೆ ಅವರ ಗ್ರಹಚಾರ ಕೆಟ್ಟಂತೆಯೇ. ಒಂದೇ ದಿಕ್ಕಿಗೆ ಓಡಿಸಿದರೆ ಲೆಕ್ಕಕ್ಕಿಲ್ಲ, ಗಾಳಿ ಹಿಂದಿನಿಂದ ನೂಕಿರುತ್ತದೆ, ಹೋಗಿ ಬಂದು ಎರಡರ ಸರಾಸರಿ ತೆಗೆಯಬೇಕು ಅನ್ನುತ್ತಿದ್ದೆ. ಅದೂ ಜನ ಕೊಳ್ಳುವ ಕಾರೇ ಆಗಿರಬೇಕು, ಕಂಪನಿಯಿಂದ ಬಂದ ಹಾಗೇ, ಒಂದು ನಟ್ಟೂ ಬದಲಾಗದೆ. ಗಣಿ ಡಂಪರಿನ ಇಪ್ಪತ್ತು ಸಿಲಿಂಡರಿನ ಇಂಜಿನ್ ಚಿತ್ರವನ್ನಂತೂ ಮಂಜುಳಳನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ತೋರಿಸಿದೆಯಲ್ಲ ಮಹಾರಾಯ? ಅವರು ಉಪ್ಪಿಟ್ಟು ತಿಂದು ಹೋದವರು ಮತ್ತೆ ಬರಲಿಲ್ಲ. ಮಂಜುಳ ಮಾತ್ರ ಆ ಚಿತ್ರವನ್ನು ತನ್ನ ಮೊಬೈಲಿಗೆ ಕಳಿಸಿಕೊಂಡಳು.

ಅದೇ ಹೋಟೆಲ್ ಮುಂದೆ ಲಾರಿಯನ್ನು ಸರಿಯಾಗಿ ಬದಿಗೆ ನಿಲ್ಲಿಸಿ, ಸ್ಟೇರಿಂಗ್ ಮೇಲೆ ತಲೆಯಿಟ್ಟು ಮಲಗಿದವನು ಏಳಲೇ ಇಲ್ಲವಲ್ಲ ನೀನು, ಅವತ್ತಿನಿಂದ ಅಕ್ಕನಿಗೆ ಲಾರಿ ಅಂದರೆ ಕೆಂಡದಂಥ ಸಿಟ್ಟು. ಎದೆ ನಿಂತದ್ದಕ್ಕೆ ಲಾರಿ ಏನು ಮಾಡೀತು? ಹಾಗಂತ ಅವಳೆದುರು ಹೇಳುವ ಧೈರ್ಯ ನನಗಿಲ್ಲ. ಮಗಳು ಮಾತ್ರ ಹೆವಿ ಲೈಸೆನ್ಸ್ ಮಾಡಿಸಿಕೊಂಡಳು, ಚಿತ್ರದುರ್ಗದ ಗುತ್ತಿಗೆದಾರರೊಬ್ಬರ ಹತ್ತಿರ ಟ್ರೇಲರ್ ಓಡಿಸುವುದನ್ನು ಕಲಿತಳು. ಕೊನೆಗೆ, ಮತ್ತೋಡಿನ ಗುಡ್ಡಕ್ಕೆ ಗಾಳಿಯಂತ್ರದ ರೆಕ್ಕೆ ಹೊತ್ತ ಟ್ರೇಲರನ್ನು ಎಳೆಯುವ ಪುಲ್ಲರ್ ಲಾರಿಗೆ ಅವಳೇ ಡ್ರೈವರ್ ಅಂತ ಗೊತ್ತಾಯಿತು. ಹದಿಮೂರು ಲೀಟರಿನ ಇಂಜಿನ್, ಐನೂರಕ್ಕೂ ಮೇಲೆ ಕುದುರೆಬಲ. ನೀನಿದ್ದಿದ್ದರೆ ಬಾನೆಟ್ಟಿಗೆ ಕುಂಕುಮ ಹಚ್ಚಿ ಊರೆಲ್ಲ ಡಂಗುರ ಹೊಡೆಯುತ್ತಿದ್ದೆ. ಅಕ್ಕ ಹೊಳಲ್ಕೆರೆಯ ಮನೆಯ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ಒಂದು ಸಣ್ಣ ಎಡವಟ್ಟಾದ್ರೂ ಅವತ್ತೇ ಸ್ಟೇರಿಂಗ್ ಬಿಡ್ಬೇಕು. ಮುಚ್ಚಿಡೋ ಹಂಗಿಲ್ಲ." ಮಂಜುಳ ಹೂಂ ಅಂದಳು. ಪಕ್ಕದ ಸೀಟಿಗೆ ಅಕ್ಕ ನನ್ನನ್ನು ಕಾವಲು ಹಾಕಿದಳು.

ಮೊನ್ನೆ ಮೊದಲ ರೆಕ್ಕೆ ಹತ್ತಿಸಿದೆವು. ಆ ರೆಕ್ಕೆಯ ಉದ್ದ ನೋಡಿದರೆ ತಲೆ ತಿರುಗುತ್ತದೆ. ಮುಂದಿನ ಚಕ್ರ ತಿರುವು ದಾಟಿದ ಮೇಲೂ ಅದರ ತುದಿ ಹಿಂದಿನ ತಿರುವಿನಲ್ಲೇ ಇರುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಹೊಸದಾಗಿ ಮಣ್ಣು ತುಂಬಿ ಮಾಡಿದ ಅಂಚು, ಅದರಾಚೆ ಏನೂ ಇಲ್ಲ. ಅರ್ಧ ಏರಿದ ಮೇಲೆ ಮುಂದೆ ಕರೆಂಟ್ ತಂತಿ ಎತ್ತಿ ಹಿಡಿಯಬೇಕು ಅಂತ ನಿಲ್ಲಿಸಿದರು. ಮಂಜುಳ ಬ್ರೇಕ್ ಬಿಗಿದು ಇಂಜಿನ್ ಚಾಲೂ ಇಟ್ಟಳು. ಏರಿನಲ್ಲಿ ಇಂಜಿನ್ ಆರಿಸಬಾರದು, ಬ್ರೇಕಿನ ಗಾಳಿ ಇಳಿದರೆ ದೇವರೂ ಬರಲ್ಲ ಅಂತ ನಮ್ಮಿಬ್ಬರಿಗೂ ಕಲಿಸಿದವನು ನೀನೇ ತಾನೆ?

ಬಾಗೂರಿನ ಕಡೆಯ ಕುರಿಗಾಹಿಯೊಬ್ಬ ಗುಡ್ಡದ ಮಗ್ಗುಲಿಂದ ಹಿಂಡು ಇಳಿಸಿಕೊಂಡು ಬಂದ. ವಯಸ್ಸಾದವ, ಹೆಗಲ ಮೇಲೆ ಕಂಬಳಿ. ಸುಡುವ ಮಧ್ಯಾಹ್ನ, ಸುತ್ತ ಒಂದು ಜಾಲಿಯೂ ಇಲ್ಲ, ನಮ್ಮ ರೆಕ್ಕೆಯ ಕೆಳಗೆ ಮಾತ್ರ ಉದ್ದಕ್ಕೂ ನೆರಳು. ನಿಂತ ಗಾಡಿ, ಸಂಜೆವರೆಗೆ ಅಲುಗಲ್ಲ ಅಂದುಕೊಂಡು, ಮರದಡಿ ಬಿಡುವ ಹಾಗೆ ಕುರಿ ಬಿಟ್ಟುಬಿಟ್ಟ. ಅವು ಟ್ರೇಲರಿನಡಿ ನುಗ್ಗಿ, ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ, ಚಕ್ರಕ್ಕೆ ಒತ್ತಿಕೊಂಡು ನಿಂತವು. ಬಿಸಿಲಿಗೆ ಹಾಗೆ ತಲೆ ತಗ್ಗಿಸಿದ ಕುರಿ ಸುಮ್ಮನೆ ಕದಲುತ್ತದೆಯೇ? ನಮ್ಮವ್ವನ ಹಿಂಡು ಕಾಯ್ದ ನನಗೂ ಗೊತ್ತು, ಅಜ್ಜಿಯ ಹಿಂದೆ ಸುತ್ತಿ ಬೆಳೆದ ಮಂಜುಳಳಿಗೂ ಗೊತ್ತು.

ಆಗಲೇ ಟ್ರೇಲರಿನ ಹಿಂದೆ ನಡೆದು ಬರುತ್ತಿದ್ದ ಆಳುಗಳ ಕೂಗು ಬಂತು. ಎಡಗಡೆಯ ಕೊನೆ ಚಕ್ರದ ಕೆಳಗೆ ಅಂಚು ಕುಸಿಯುತ್ತಿದೆ, ಮಣ್ಣು ಜಾರುತ್ತಿದೆ, ಗಾಡಿ ಮುಂದೆ ತೆಗೆಯಿರಿ. ಕನ್ನಡಿಯಲ್ಲಿ ನೋಡಿದೆ: ರೆಕ್ಕೆಯ ತುದಿ ನಿಧಾನವಾಗಿ ಕಣಿವೆಯ ಕಡೆ ವಾಲುತ್ತಿತ್ತು. ಗಾಬರಿಯಲ್ಲಿ ನಾನು ಹಾರನ್ ಒತ್ತಿದೆ. ಕುರಿ ಬೆದರಿದರೆ ಚದುರಲ್ಲ, ಇನ್ನೂ ಗುಂಪಾಗುತ್ತವೆ ಅನ್ನುವುದು ಆ ಗಳಿಗೆಯಲ್ಲಿ ಎಲ್ಲಿ ಹೋಗಿತ್ತೋ. ಅವು ಮತ್ತಷ್ಟು ಬಿಗಿದು ನಿಂತವು.

ವಾಕಿಟಾಕಿಯಲ್ಲಿ ಸೂಪರ್‌ವೈಸರ್ ತಂತಿ ಎತ್ತಿಯಾಯ್ತು, ಗಾಡಿ ಎತ್ತು ಅಂತ ಒದರುತ್ತಿದ್ದರು, ಚಕ್ರ ತಿರುಗಿದರೆ ಕುರಿ ತಾವೇ ಎದ್ದು ಓಡುತ್ತವೆ ಅಂದರು. ಮುದುಕ ಟ್ರೇಲರಿನಡಿ ನುಸುಳಿ, ಕಾಲು ಹಿಡಿದು ಒಂದೊಂದನ್ನೇ ಎಳೆಯುತ್ತಿದ್ದ. ಅವನ ಬಾಯಿ ಆಡುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಮುಂದೆ ತೆಗೆದರೆ ಕುರಿ, ಜೊತೆಗೆ ಆ ಮುದುಕ. ನಿಂತರೆ ನಾವು. ನಿಜ ಹೇಳುತ್ತೇನೆ, ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

"ಮಾವ, ಇಳಿದು ಚಕ್ರಕ್ಕೆ ದಿಮ್ಮಿ ಕೊಡು," ಅಂದಳು. "ಇಂಜಿನ್ ಆರಿಸ್ತೀನಿ."

"ಹುಚ್ಚೇನೇ ನಿಂಗೆ? ನಿಮ್ಮಪ್ಪ..."

"ಅಪ್ಪನ ಹತ್ರ ಆಮೇಲೆ ಬೈಸ್ಕಂತೀನಿ. ಅಜ್ಜನ ದನಿ ಅವುಕ್ಕೆ ಕೇಳ್ಬೇಕು."

ದಿಮ್ಮಿಗಳನ್ನು ಚಕ್ರಗಳ ಹಿಂದೆ ಕೊಟ್ಟೆನೋ ಎಸೆದೆನೋ ನೆನಪಿಲ್ಲ. ಇಂಜಿನ್ ನಿಂತಿತು. ಅದರ ಫ್ಯಾನೂ ನಿಂತಿತು. ಭಾವ, ಅಷ್ಟು ದೊಡ್ಡ ಸದ್ದು ಒಮ್ಮೆಗೇ ಇಲ್ಲವಾದರೆ ಏನನ್ನಿಸುತ್ತದೆ ಗೊತ್ತೇ? ಅಂಚಿನ ಮಣ್ಣು ಉದುರುವುದೂ ಕೇಳಿತು. ಎಲ್ಲಿಂದಲೋ ಗಾಳಿ ಸೋರುವ ಸಣ್ಣ ಸೀಟಿ ಕೇಳಿತು. ಆಮೇಲೆ ಮುದುಕ ಗಾಡಿಯಡಿಯಿಂದ ಹೊರಬಂದು, ಗುಡ್ಡದ ಮೇಲ್ಗಡೆ ನಿಂತು, ನಾಲಿಗೆ ತಿರುಗಿಸಿ ಟುರ್ರ್ ಅಂತ ಉದ್ದಕ್ಕೆ ಕರೆದ. ಕುರಿ ಪರರ ದನಿಗೆ ಬರುವುದಿಲ್ಲ, ತನ್ನವನ ದನಿಗೆ ಬರುತ್ತದೆ. ಮೊಂಡುಕೊಂಬಿನ ಮುದಿ ಕುರಿಯೊಂದು ತಲೆ ಎತ್ತಿತು. ಅವನು ಮತ್ತೆ ಕರೆದ. ಅದು ಹೊರಗೆ ಬಂತು, ಅದರ ಹಿಂದೆ ಇನ್ನೊಂದು, ಹಿಂದೆಯೇ ಎಲ್ಲವೂ ನೀರು ಹರಿದ ಹಾಗೆ ಹೊರಟವು. ನಾನು ಚಕ್ರಗಳ ನಡುವೆ ಬಗ್ಗಿ ನೋಡಿ ಕೈ ಎತ್ತಿ, ಓಡಿಬಂದು ನನ್ನ ಸೀಟು ಹತ್ತಿದೆ.

ಇಂಜಿನ್ ಮೊದಲ ಸಲಕ್ಕೇ ಹಿಡಿಯಿತು. ಬ್ರೇಕಿನ ಗಾಳಿ ತೋರಿಸುವ ಮುಳ್ಳು ಮೇಲೆ ಬರುವವರೆಗೆ ಕಾಯಬೇಕಿತ್ತಲ್ಲ, ಆ ಹೊತ್ತು ಮಂಜುಳ ಮೀಟರ್ ಬಿಟ್ಟು ಎಲ್ಲಿಯೂ ನೋಡಲಿಲ್ಲ. ಮುಳ್ಳು ಬಂತು. ಗಾಡಿ ಒಮ್ಮೆ ನಡುಗಿ ಮುಂದೆ ಸರಿಯಿತು, ದಿಮ್ಮಿಗಳು ಹಿಂದೆ ಉಳಿದವು. ನಾವು ನಿಂತಿದ್ದ ಜಾಗದ ಅಂಚು ಕಳಚಿ ಕೆಳಗೆ ಹೋದದ್ದನ್ನು ಕನ್ನಡಿಯಲ್ಲಿ ನಾನೂ ನೋಡಿದೆ, ಅವಳೂ ನೋಡಿದಳು.

ಗುಡ್ಡ ಇಳಿದು ಬರುವಾಗ ನಾನೇ ಅವಳನ್ನು ಪುಸಲಾಯಿಸಿದೆ. ರೆಕ್ಕೆ ಸುರಕ್ಷಿತ, ಸೂಪರ್‌ವೈಸರ್ ಕೂಡ ಸುಮ್ಮನಾಗಿದ್ದಾರೆ, ಅಮ್ಮನಿಗೆ ಹೇಳುವ ದರ್ದು ಏನು ಅಂದೆ. ಅವಳು ಮನೆಗೆ ಹೋದವಳೇ, ಚಪ್ಪಲಿ ಬಿಡುವ ಮೊದಲೇ, ಅಂಚು ಕುಸಿದದ್ದು, ಇಂಜಿನ್ ಆರಿಸಿದ್ದು, ಎಲ್ಲ ಹೇಳಿ, "ಸ್ಟೇರಿಂಗ್ ಬಿಡು ಅಂದ್ರೆ ಬಿಡ್ತೀನವ್ವ" ಅಂದಳು. ದನಿ ನಡುಗುತ್ತಿತ್ತು. ಅಂಚು ಕುಸಿಯುವಾಗ ನಡುಗದ ದನಿ.

ಅಕ್ಕ ಒಲೆಯ ಉರಿ ತಗ್ಗಿಸಿದಳು. ಆಮೇಲೆ ಕೇಳಿದಳು: "ಕುರಿ ಎಷ್ಟು ಸತ್ವು?"

"ಒಂದೂ ಇಲ್ಲ."

"ಆ ಮುದುಕಪ್ಪ?"

"ಚೆನ್ನಾಗವ್ನೆ. ಬಾಟ್ಲಿ ತುಂಬ ಹಾಲು ಕೊಟ್ಟ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಕೈ ತೊಳ್ಕ, ಮುದ್ದೆ ಆರುತ್ತೆ ಅಂದಳು. ಅಷ್ಟೇ.

ನಾಳೆ ಎರಡನೇ ರೆಕ್ಕೆ ಹೊರಡುತ್ತದೆ ಭಾವ, ಮಂಜುಳಳೇ ಓಡಿಸುತ್ತಾಳೆ. ನಾನು ಹಿಂದೆ ನಡೆದುಕೊಂಡು ಹೋಗಬೇಕು, ಪಕ್ಕದ ಸೀಟು ಕೈತಪ್ಪಿತು. ನಿನ್ನ ಜೊತೆ ಅಷ್ಟು ವರ್ಷ ಸಂಸಾರ ಮಾಡಿಯೂ ನಿನ್ನ ಲಾರಿಯ ಮೆಟ್ಟಿಲು ತುಳಿಯದ ಅಕ್ಕ, ಅಷ್ಟು ಎತ್ತರ ಹತ್ತುವುದು ಹೆಂಗೋ ಅಂತ ಈಗಷ್ಟೇ ನನ್ನನ್ನು ಕೇಳಿದಳು.

ನಿನ್ನ ಭಾವಮೈದುನ